ಮೀನಿನ ಮನೆಯ ಮಡಿ

ಬೆಂಗಳೂರಿನ ಉತ್ತರ ಭಾಗದಲ್ಲಿರುವ ತಣಿಸಂದ್ರದ ಹೆಸರಿನಲ್ಲಿಯೇ ನೀರಿದೆ. ಬೊಮ್ಮಸಂದ್ರ, ತಣಿಸಂದ್ರ ಮೊದಲಾದ ಹೆಸರುಗಳ ಕೊನೆಗೆ ನಿಂತಿರುವ ‘ಸಂದ್ರ’ವು ‘ಸಮುದ್ರ’ ಎಂಬುದರ ಸವೆದ ರೂಪ. ಕಡಲಿನಿಂದ ದೂರವಿದ್ದ ಬಯಲುಸೀಮೆಯ ಜನ ತಾವು ಕಟ್ಟಿಸಿದ ಕೆರೆಯನ್ನೇ ಸಮುದ್ರವೆಂದು ಕರೆದು ತೃಪ್ತಿಪಟ್ಟರು. ಇಂದು ಅಲ್ಲಿ ಬಹುಮಹಡಿಯ ಮನೆಗಳು ಎದ್ದಿವೆ. ಎಷ್ಟೋ ಮನೆಗಳಿಗೆ ನೀರು ಬರುವುದು ಕೊಳವೆಬಾವಿಯಿಂದ, ಇಲ್ಲವೆ ಟ್ಯಾಂಕರಿನಿಂದ. ಅಂಥದೊಂದು ಮನೆಯ ನಾಲ್ಕನೆಯ ಮಹಡಿಯಲ್ಲಿ, 60 ಲೀಟರು ಹಿಡಿಯುವ ಗಾಜಿನ ತೊಟ್ಟಿಯೊಂದು ಬಂದು ಕುಳಿತಿತೆಂದರೆ, ಊರಿನ ಹೆಸರು ಅಷ್ಟರಮಟ್ಟಿಗಾದರೂ ಸಾರ್ಥಕವಾಯಿತೆನ್ನಬೇಕು.

ತೊಟ್ಟಿ ಬಂದ ದಿನವೇ ಮೀನೂ ಬರುವುದು ಪಟ್ಟಣದ ಪದ್ಧತಿ. ಬರಿಯ ನೀರನ್ನು ನೋಡುತ್ತ ಕೂರುವ ತಾಳ್ಮೆ ದೊಡ್ಡವರಿಗೇ ಇಲ್ಲದಿರುವಾಗ ಹತ್ತು ವರ್ಷದ ಹುಡುಗಿಗೆ ಎಲ್ಲಿಂದ ಬರಬೇಕು? ಈ ಮನೆಗೂ ನೀಲಿಗೆರೆಯ ನಿಯಾನ್ ಟೆಟ್ರಾ ಆರು, ಗಪ್ಪಿಯ ಜೋಡಿ ಒಂದು, ಜೊತೆಗೆ ನಾಲ್ಕಾರು ಗಿಡಗಳು ಒಂದೇ ಸಂಜೆ ಪ್ರವೇಶ ಮಾಡಿದವು. ಐದನೆಯ ದಿನ ನೀರು ಕಲಗಚ್ಚಿನಂತೆ ಮಸಕಾಯಿತು. ಭಾನುವಾರ ಮನೆಯ ಯಜಮಾನರು ಪಂಚೆಯನ್ನು ಮೇಲೆತ್ತಿ ಕಟ್ಟಿದರು. ಹಿತ್ತಾಳೆಯ ಹಂಡೆಗೆ ಹುಣಸೆಹಣ್ಣು ಹಚ್ಚಿ ತಿಕ್ಕುವ ಶ್ರದ್ಧೆಯಿಂದ ತೊಟ್ಟಿಯನ್ನು ತಿಕ್ಕಿದರು. ಹರಳುಗಳನ್ನು ಕುದಿಯುವ ನೀರಿನಲ್ಲಿ ಅದ್ದಿದರು. ಶೋಧಕದ ಸ್ಪಂಜನ್ನು ನಲ್ಲಿಯ ಕೆಳಗೆ ಹಿಂಡಿ ಹಿಂಡಿ ತೊಳೆದರು. ಸಂಜೆಯ ಹೊತ್ತಿಗೆ ನೀರು ಸ್ಫಟಿಕದಂತಿತ್ತು. ಮಂಗಳವಾರದೊಳಗೆ ಆರು ಟೆಟ್ರಾಗಳೂ ಒಂದೊಂದಾಗಿ ಮಗ್ಗುಲಾದವು.

“ನೀರು ಇಷ್ಟು ಚೆನ್ನಾಗಿದೆಯಲ್ಲ, ಮತ್ತೇಕೆ ಸತ್ತವು?” ಎಂದು ಹುಡುಗಿ ಕೇಳಿದಳು. ಯಜಮಾನರ ಬಳಿ ಉತ್ತರವಿರಲಿಲ್ಲ. ಮಗುವಿನ ಕಣ್ಣೀರಿಗಿಂತ ಆ ಪ್ರಶ್ನೆಯೇ ಅವರನ್ನು ಹೆಚ್ಚು ಕಾಡಿತು.

ಕಣ್ಣಿಗೆ ತಿಳಿಯಾದ ನೀರೂ ಮೀನಿಗೆ ಹಿತವಾದ ನೀರೂ ಒಂದೇ ಅಲ್ಲ. ಮೀನು ತನ್ನ ಕಿವಿರುಗಳ ಮೂಲಕ ಎಡೆಬಿಡದೆ ಅಮೋನಿಯವನ್ನು ಹೊರಬಿಡುತ್ತದೆ; ತಿನ್ನದೆ ಉಳಿದ ಆಹಾರ ಕೊಳೆತಾಗ ಹುಟ್ಟುವುದೂ ಅದೇ. ಈ ವಿಷಕ್ಕೆ ಬಣ್ಣವಿಲ್ಲ. ಹರಳುಗಳ ಮೈಗೆ, ಸ್ಪಂಜಿನ ರಂಧ್ರಗಳಿಗೆ ಅಂಟಿ ಬಾಳುವ ಒಂದು ಬಗೆಯ ಸೂಕ್ಷ್ಮಾಣುಗಳು ಅದನ್ನು ನೈಟ್ರೈಟ್ ಆಗಿ ಮಾರ್ಪಡಿಸುತ್ತವೆ. ಅದೂ ವಿಷವೇ, ಮೀನಿನ ರಕ್ತ ಆಮ್ಲಜನಕವನ್ನು ಹೊರದಂತೆ ಮಾಡುತ್ತದೆ. ಮತ್ತೊಂದು ಬಗೆಯವು ನೈಟ್ರೈಟನ್ನು ನೈಟ್ರೇಟ್ ಆಗಿಸುತ್ತವೆ. ಇದರಿಂದ ಅಪಾಯ ಬಹಳ ಕಡಮೆ. ಗಿಡಗಳಿಗಂತೂ ಇದು ಗೊಬ್ಬರ. ಈ ಕಾಣದ ಸಂಸಾರಗಳು ಹೊಸ ತೊಟ್ಟಿಯಲ್ಲಿ ನೆಲೆಯೂರುವುದಕ್ಕೆ ನಾಲ್ಕರಿಂದ ಆರು ವಾರಗಳು ಬೇಕು. ಕೊಳೆ ತೆಗೆಯಲು ಹೊರಟ ಯಜಮಾನರು ಆಗತಾನೆ ಒಕ್ಕಲು ಬಂದಿದ್ದ ಇವರನ್ನು ಕುದಿನೀರು ಎರಚಿ ಓಡಿಸಿದ್ದರು. ಅಡುಗೆಮನೆಗೆ ಒಪ್ಪುವ ಮಡಿ ಮೀನಿನ ಮನೆಗೆ ಒಗ್ಗದು. ಅಲ್ಲಿ ಸ್ಪಂಜನ್ನು ಹಿಂಡಬೇಕಾದರೆ ತೊಟ್ಟಿಯಿಂದಲೇ ತೆಗೆದ ಹಳೆಯ ನೀರಿನಲ್ಲಿ ಮೆಲ್ಲನೆ ಹಿಂಡಬೇಕು. ನೀರನ್ನು ವಾರಕ್ಕೊಮ್ಮೆ ಕಾಲು ಭಾಗ, ಎಂದರೆ ಈ ತೊಟ್ಟಿಗೆ 15 ಲೀಟರು, ಬದಲಾಯಿಸಿದರೆ ಸಾಕು.

ಗಿಡಗಳನ್ನು ಬರಿಯ ಅಲಂಕಾರವೆಂದು ತಿಳಿದವರೇ ಹೆಚ್ಚು. 1850ರಲ್ಲಿ ಲಂಡನ್ನಿನ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್ಟನ್ ಒಂದು ಪಾತ್ರೆಯಲ್ಲಿ ಎರಡು ಹೊಂಬಣ್ಣದ ಮೀನುಗಳನ್ನೂ ವ್ಯಾಲಿಸ್ನೇರಿಯ ಎಂಬ ನೀರುಹುಲ್ಲನ್ನೂ ಕೂಡಿಸಿ, ಒಂದು ಇನ್ನೊಂದನ್ನು ಸಾಕಬಲ್ಲದೆಂದು ತೋರಿಸಿದ. ಕೊಳೆಯುವ ಎಲೆಗಳು ನೀರನ್ನು ಕೆಡಿಸತೊಡಗಿದಾಗ ಅವುಗಳನ್ನು ಮೇಯಲು ನೀರಬಸವನಹುಳುಗಳನ್ನು ಬಿಟ್ಟ, ವ್ಯವಸ್ಥೆ ನೆಟ್ಟಗಾಯಿತು. ಇದೇ ಉಪಾಯವನ್ನು ದೊಡ್ಡ ಪ್ರಮಾಣದಲ್ಲಿ ನೋಡಬೇಕೆನ್ನುವವರು ತಣಿಸಂದ್ರದಿಂದ ದೂರ ಹೋಗಬೇಕಾಗಿಲ್ಲ. ಹತ್ತಿರದ ಜಕ್ಕೂರು ಕೆರೆಯ ತಲೆಯಲ್ಲಿ, ಶುದ್ಧೀಕರಣ ಘಟಕದಿಂದ ಹೊರಬಂದ ನೀರು ನೇರವಾಗಿ ಕೆರೆಗೆ ಬೀಳದೆ, ಜೊಂಡು ಬೆಳೆದ ಜೌಗುನೆಲವನ್ನು ಹಾದು ಹೋಗುವಂತೆ ಏರ್ಪಡಿಸಲಾಗಿದೆ. ನೀರಿನಲ್ಲಿ ಉಳಿದ ಸಾರಜನಕವನ್ನು ಗಿಡದ ಬೇರುಗಳೂ ಸೂಕ್ಷ್ಮಾಣುಗಳೂ ಹೀರಿಕೊಳ್ಳುತ್ತವೆ. ಜಕ್ಕೂರು ತುಂಬಿ ಹರಿದರೆ ಆ ನೀರು ಸೇರುವುದು ರಾಚೇನಹಳ್ಳಿಯ ಕೆರೆಗೆ. ಇಂಜಿನಿಯರುಗಳು ಅಲ್ಲಿ ಎಕರೆಗಟ್ಟಲೆ ನೆಲದಲ್ಲಿ ಮಾಡಿದ್ದನ್ನು ಹುಲ್ಲಿನ ನಾಲ್ಕು ಹಿಡಿಗಳು ಗಾಜಿನ ತೊಟ್ಟಿಯಲ್ಲಿ ಮಾಡುತ್ತವೆ.

ಆದರೆ ಗಿಡವೂ ಉಸಿರಾಡುವ ಜೀವಿ. ಬೆಳಕಿರುವಾಗ ಆಮ್ಲಜನಕವನ್ನು ಕೊಡುವ ಅದೇ ಎಲೆ ಕತ್ತಲೆಯಲ್ಲಿ ಅದನ್ನು ಹಿಂದಕ್ಕೆ ಪಡೆಯುತ್ತದೆ. ಮೀನುಗಳು ನಸುಕಿನಲ್ಲಿ ಮೇಲಕ್ಕೆ ಬಂದು ಬಾಯಿ ಬಾಯಿ ಬಿಡುತ್ತಿದ್ದರೆ ಅದು ಹಸಿವೆಂದು ಭಾವಿಸಿ ಆಹಾರ ಉದುರಿಸುವುದು ಕ್ರೌರ್ಯಕ್ಕೆ ಸಮಾನ. ಅವು ಕೇಳುತ್ತಿರುವುದು ಗಾಳಿಯನ್ನು. 2016ರ ಮಾರ್ಚಿಯಲ್ಲಿ ಹಲಸೂರು ಕೆರೆಯಲ್ಲಿ ಸಾವಿರಾರು ಮೀನುಗಳು ಸತ್ತು ತೇಲಿದ್ದೂ ನೀರಿನಲ್ಲಿ ಆಮ್ಲಜನಕ ಕುಸಿದುದರಿಂದಲೇ. ಬೇಸಗೆಯಲ್ಲಿ ಈ ಭಯ ಹೆಚ್ಚು, ಏಕೆಂದರೆ ಬಿಸಿನೀರಿನಲ್ಲಿ ಆಮ್ಲಜನಕ ಕಡಮೆ ಕರಗುತ್ತದೆ. ದೀಪವನ್ನು ದಿನಕ್ಕೆ ಏಳೆಂಟು ಗಂಟೆಗಿಂತ ಹೆಚ್ಚು ಉರಿಸಿದರೆ ಲಾಭವಾಗುವುದು ಗಿಡಗಳಿಗಲ್ಲ, ಪಾಚಿಗೆ.

ಟೆಟ್ರಾಗಳು ಸತ್ತು ಗಪ್ಪಿಗಳೇಕೆ ಉಳಿದವು? ಟೆಟ್ರಾ ಅಮೆಜಾನ್ ಪ್ರದೇಶದ ಮೆದುನೀರಿನದು. ಬೆಂಗಳೂರಿನ ಕೊಳವೆಬಾವಿಗಳ ನೀರು ಬಹುಮಟ್ಟಿಗೆ ಗಡಸು. ಗಪ್ಪಿ, ಮೋಲಿಗಳಿಗೆ ಗಡಸುನೀರೇ ಪ್ರಿಯ. ವ್ಯಾಲಿಸ್ನೇರಿಯವೂ ಅದರಲ್ಲಿ ಸೊಗಸಾಗಿ ಬೆಳೆಯುತ್ತದೆ. ನೀರು ಕ್ಷಾರವಾದಷ್ಟೂ ಅಮೋನಿಯದ ವಿಷ ಏರುತ್ತದೆಂಬುದನ್ನೂ ಮರೆಯಬಾರದು. ಆದುದರಿಂದ ಮೊದಲು ಮನೆಯ ನೀರನ್ನು ತಿಳಿದು ಆಮೇಲೆ ಮೀನನ್ನು ಆರಿಸಬೇಕು; ಅಂಗಡಿಯಲ್ಲಿ ನಡೆಯುವುದು ಇದಕ್ಕೆ ವಿರುದ್ಧ. ಕಾವೇರಿಯ ನಲ್ಲಿನೀರಾದರೆ ಅದರೊಳಗಿನ ಕ್ಲೋರಿನ್ ಮೀನಿನ ಕಿವಿರುಗಳಿಗೂ ಸೂಕ್ಷ್ಮಾಣುಗಳಿಗೂ ಶತ್ರು. ಅಗಲ ಬಾಯಿಯ ಪಾತ್ರೆಯಲ್ಲಿ ಒಂದು ಹಗಲು ಒಂದು ರಾತ್ರಿ ಇಟ್ಟರೆ ಅದು ಹಾರಿಹೋಗುತ್ತದೆ; ಅವಸರವಿದ್ದರೆ ಸೋಡಿಯಂ ಥಯೋಸಲ್ಫೇಟಿನ ಕೆಲವು ಹರಳುಗಳು ಸಾಕು.

ಆಹಾರದ ವಿಷಯ ಹಳೆಯದು. ಹನ್ನೆರಡನೆಯ ಶತಮಾನದ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ತನ್ನ ‘ಮಾನಸೋಲ್ಲಾಸ’ದ ಮತ್ಸ್ಯವಿನೋದದ ಭಾಗದಲ್ಲಿ ಮೀನುಗಳಿಗೆ ಹಾಕಬೇಕಾದ ಆಹಾರವನ್ನೂ ಹೇಳಿದ್ದಾನೆ. ಅರಸನ ಕೊಳ ದೊಡ್ಡದು. ಮನೆಯ ತೊಟ್ಟಿಗೆ ಎರಡು ನಿಮಿಷದಲ್ಲಿ ಮುಗಿಯುವ ಚಿಟಿಕೆ, ದಿನಕ್ಕೊಮ್ಮೆ. ಅತಿಥಿಗಳ ಮಕ್ಕಳಿಂದ ಡಬ್ಬಿಯನ್ನು ಮುಚ್ಚಿಡುವುದು ಒಳ್ಳೆಯದು. ರೋಗಗಳಲ್ಲಿ ಬಿಳಿಚುಕ್ಕೆಯದು ಬಹು ಸಾಮಾನ್ಯ. ಮೈಮೇಲೆ ಉಪ್ಪು ಉದುರಿಸಿದಂತೆ ಕಾಣುತ್ತದೆ. ತಾಮ್ರ ಬೆರೆತ ಔಷಧಿಯನ್ನು ಗಿಡದ ತೊಟ್ಟಿಗೆ ಸುರಿದರೆ ಬಸವನಹುಳುಗಳು ಸಾಯುತ್ತವೆ, ಎಷ್ಟೋ ಗಿಡಗಳೂ ಸೊರಗುತ್ತವೆ. ಹೊಸ ಮೀನನ್ನು ಎರಡು ಮೂರು ವಾರ ಬೇರೆ ಪಾತ್ರೆಯಲ್ಲಿಟ್ಟು ನೋಡುವುದೇ ಇದಕ್ಕೆಲ್ಲ ಅಗ್ಗದ ಮದ್ದು.

ಆ ಮನೆಯಲ್ಲಿ ಟೆಟ್ರಾಗಳನ್ನು ಮತ್ತೆ ತರಲಿಲ್ಲ. ಎರಡು ಗಪ್ಪಿಗಳು ಮತ್ತು ಹುಲ್ಲು, ಇಷ್ಟೇ ಇಟ್ಟುಕೊಂಡು ಆರು ವಾರ ಕಾದರು. ದಿನ ಬಿಟ್ಟು ದಿನ 10 ಲೀಟರು ನೀರು ಬದಲಾಯಿಸುತ್ತ ವಿಷವನ್ನು ಏರಗೊಡಲಿಲ್ಲ. ಟ್ಯಾಂಕರಿನ ನೀರಿನ ಬೆಲೆ ಬಲ್ಲ ಗೃಹಿಣಿ ತೆಗೆದ ನೀರನ್ನೆಲ್ಲ ತುಳಸಿಗೂ ಕರಿಬೇವಿಗೂ ಹಾಕಿದಳು. ಗಿಡಗಳು ಎಂದೂ ಇಲ್ಲದಷ್ಟು ಚಿಗುರಿದವು. ಏಳನೆಯ ವಾರದಲ್ಲೊಂದು ಬೆಳಗ್ಗೆ ಹುಡುಗಿ ಹುಲ್ಲಿನ ಮರೆಯಲ್ಲಿ ಕಣ್ಣೇ ಮೈಯಾದ ಮರಿಗಳನ್ನು ಕಂಡಳು. ಎಣಿಸಿದಾಗ ಹನ್ನೊಂದು; ಮರುದಿನ ಎಣಿಸಿದಾಗ ಒಂಬತ್ತು, ಏಕೆಂದರೆ ತಾಯಿಗಪ್ಪಿಗೆ ಮಮತೆ ಕಡಮೆ. ಮುಂದಿನ ಯುಗಾದಿಗೆ ಮನೆಯನ್ನೆಲ್ಲ ತೊಳೆಯುವಾಗ ಯಜಮಾನರ ಕೈ ತೊಟ್ಟಿಯ ಕಡೆಗೂ ಚಾಚಿತು. ಮುಂದಿನ ಗಾಜನ್ನು ಒರೆಸಲು ಮಾತ್ರ ಅಪ್ಪಣೆಯಾಯಿತು. ಹಿಂದಿನ ಗಾಜಿನ ಪಾಚಿಯನ್ನು ಮಗಳು ಬಸವನಹುಳುವಿಗೆ ಮೀಸಲಿಟ್ಟಿದ್ದಳು.