ಎಳೆಯ ಪಕ್ಕ ಎಳೆ

ಪುಂಡಿನಾರಿನ ಕುಂಚವನ್ನು ಅಕ್ಕಿಯ ಬಿಳಿಯಲ್ಲಿ ಅದ್ದಿ ಕೆಮ್ಮಣ್ಣು ಬಳಿದ ಗೋಡೆಗೆ ಮುಟ್ಟಿಸಿದರೆ, ಮಣ್ಣು ಆ ತೇವವನ್ನು ಥಟ್ಟನೆ ಹೀರಿಕೊಳ್ಳುತ್ತದೆ. ಎಳೆ ಮೊದಲು ಮಂಕಾಗಿ ಕಾಣುತ್ತದೆ. ಆರುತ್ತ ಆರುತ್ತ ಬೆಳ್ಳಗೆ ಏಳುತ್ತದೆ. ನಮ್ಮ ಸಾಗರ ಸೀಮೆಯ ದೀವರ ಹೆಂಗಸರು ಬರೆಯುವ ಚಿತ್ತಾರದಲ್ಲಿ ನನಗೆ ಎಲ್ಲಕ್ಕಿಂತ ಪ್ರಿಯವಾದ ಗಳಿಗೆ ಅದು.

ಬಣ್ಣಗಳೆಲ್ಲ ಮನೆಯ ಸುತ್ತಮುತ್ತಲಿನವೇ. ಕೆಂಪಿಗೆ ಕೆಮ್ಮಣ್ಣು, ಬಿಳಿಗೆ ನೆನೆಸಿ ಅರೆದ ಅಕ್ಕಿ, ಕಪ್ಪಿಗೆ ಅದೇ ಅಕ್ಕಿಯನ್ನು ಕರಿಕಾಗುವಂತೆ ಹುರಿದದ್ದು, ಹಳದಿಗೆ ಗುರಿಗೆ ಬೀಜ. ಅರೆದದ್ದರಲ್ಲಿ ತರಿ ಉಳಿದರೆ ಎಳೆ ತುಂಡಾಗುತ್ತದೆ, ನೀರು ಹೆಚ್ಚಾದರೆ ಕೆಳಗೆ ಇಳಿಯುತ್ತದೆ. ಹದ ಬರುವವರೆಗೆ ಕಾಯುವುದೂ ಬರೆಯುವುದರ ಒಂದು ಭಾಗವೇ.

ಮದುವೆ ಮುರಿದು ತವರಿಗೆ ಬಂದು ಕೂತಿದ್ದ ಕಾಲ. ಆಡಿಸಿಕೊಂಡ ಮಾತುಗಳೇ ಹಗಲೂ ರಾತ್ರಿ ತಲೆಯಲ್ಲಿ ಸುತ್ತುತ್ತಿದ್ದವು. ಭೂಮಿ ಹುಣ್ಣಿಮೆ ಹತ್ತಿರವಾದಾಗ ಚಿಕ್ಕಮ್ಮ ಕೆಮ್ಮಣ್ಣು ಬಳಿದ ಬುಟ್ಟಿಯೊಂದನ್ನು ನನ್ನ ಮುಂದಿಟ್ಟಳು. "ಅಂಚಿಂದ ಶುರು ಮಾಡು ಮಗಾ. ಒಂದು ಎಳೆ ಎಳೆದ್ರೆ ಪಕ್ಕದ್ದು ತಾನೇ ಕರೀತದೆ" ಅಂದಳು. ಬೇರೆ ಸಮಾಧಾನದ ಮಾತೇನೂ ಆಡಲಿಲ್ಲ.

ಎದೆಯ ನೋವನ್ನೆಲ್ಲ ಚಿತ್ರದಲ್ಲಿ ಸುರಿದುಬಿಡಬೇಕು ಅನ್ನುವವರಿದ್ದಾರೆ. 1925ರ ಬಸ್ ಅಪಘಾತದಲ್ಲಿ ಬೆನ್ನುಮೂಳೆ ಮುರಿದುಕೊಂಡ ಮೆಕ್ಸಿಕೋದ ಫ್ರಿಡಾ ಕಾಹ್ಲೋ, ಹಾಸಿಗೆಯ ಮೇಲ್ಗಡೆ ಕಟ್ಟಿದ್ದ ಕನ್ನಡಿಯಲ್ಲಿ ತನ್ನನ್ನೇ ನೋಡುತ್ತ ಚಿತ್ರ ಬರೆದಳು. ಮುಂದೆ ತನ್ನ ಮೈಯ, ಮನಸ್ಸಿನ ಗಾಯಗಳನ್ನೇ ಚಿತ್ರವಾಗಿಸಿದಳು. ಆ ಎದೆಗಾರಿಕೆಗೆ ನಾನು ತಲೆಬಾಗುತ್ತೇನೆ. ನನಗೆ ಒದಗಿದ ದಾರಿ ಬೇರೆ. ಚಿತ್ತಾರದಲ್ಲಿ ನನ್ನ ಕಥೆಗೆ ಜಾಗವೇ ಇಲ್ಲ. ಅಲ್ಲಿರುವುದು ಬಾಸಿಂಗ, ದಂಡಿಗೆಯಲ್ಲಿ ಕೂತ ಮದುಮಕ್ಕಳು, ಭತ್ತದ ಪೈರು. ಅಜ್ಜಿಯಂದಿರ ಕೈಯಿಂದ ಕೈಗೆ ಬಂದ ಗೆರೆಗಳು. ಪಕ್ಕದ ಎಳೆಗೆ ತಾಗದ ಹಾಗೆ ಉದ್ದಕ್ಕೆ ಎಳೆಯಬೇಕಾದರೆ ಉಸಿರು ಹಿಡಿಯಬೇಕು, ತುದಿ ಮುಟ್ಟಿದ ಮೇಲೆ ಬಿಡಬೇಕು. ಉಸಿರಿಗೆ ಹೀಗೊಂದು ಲಯ ಕೂಡಿತೆಂದರೆ ಹಳೆಯ ಮಾತುಗಳಿಗೆ ನುಸುಳಲು ಸಂದು ಸಿಗುವುದಿಲ್ಲ. ನನ್ನ ದುಃಖವನ್ನು ಯಾರಿಗೂ ವಿವರಿಸಬೇಕಾಗಿಲ್ಲ ಅನ್ನುವುದೇ ಆಗ ದೊಡ್ಡ ಬಿಡುಗಡೆಯಾಗಿತ್ತು.

ಭೂಮಿ ಹುಣ್ಣಿಮೆಯೆಂದರೆ ನಮ್ಮಲ್ಲಿ ಬಸುರಿ ಭೂಮಿಗೆ ಬಯಕೆ ಹಾಕುವ ಹಬ್ಬ. ನಸುಕಿಗೇ ಎದ್ದು, ಬಗೆಬಗೆಯ ಸೊಪ್ಪು ಬೇಯಿಸಿದ ಎಡೆಯನ್ನು ಚಿತ್ತಾರದ ಬುಟ್ಟಿಯಲ್ಲಿ ತುಂಬಿ ಗದ್ದೆಗೆ ಹೊತ್ತೊಯ್ಯುತ್ತಾರೆ. ಆ ವರ್ಷ ನಾನು ಬರೆದ ಬುಟ್ಟಿಯೂ ಹೋಯಿತು. ಎಳೆಗಳು ಒಂದಕ್ಕೊಂದು ಸಮವಾಗಿರಲಿಲ್ಲ. ಯಾರೂ ಅದನ್ನು ಎತ್ತಿ ಆಡಲಿಲ್ಲ. ಕೆಲಸಕ್ಕೆ ಬಾರದವಳು ಅನ್ನಿಸಿಕೊಂಡು ಬಂದವಳ ಕೈಯ ಕೆಲಸ ಭೂಮಿತಾಯಿಯ ಬಯಕೆಯೂಟಕ್ಕೆ ಒದಗಿತ್ತು. ಗೋಡೆಗೆ ತೂಗುಹಾಕುವ ಚಿತ್ರ ನನಗೆ ಇಷ್ಟು ಬಲ ಕೊಡುತ್ತಿತ್ತೋ ಇಲ್ಲವೋ. ಹಬ್ಬದಲ್ಲಿ ಬಳಕೆಯಾಗುವ ಚಿತ್ತಾರ ನನ್ನನ್ನು ಮತ್ತೆ ನಾಲ್ಕು ಜನರ ನಡುವೆ ತಂದು ನಿಲ್ಲಿಸಿತು.

ನೋವು ಪೂರ್ತಿ ಹೋಗಿಲ್ಲ, ಹೋಗಲೇಬೇಕೆಂಬ ಹಟವೂ ನನಗಿಲ್ಲ. ಮದುವೆ ಚಪ್ಪರ ಕಂಡರೆ ದಾರಿ ಬದಲಿಸುತ್ತಿದ್ದವಳು ಈಗ ಕರೆದವರ ಮನೆಗೆ ಹೋಗಿ ಹಸೆಗೋಡೆ ಚಿತ್ತಾರ ಬರೆದುಕೊಡುತ್ತೇನೆ. ಮದುಮಕ್ಕಳು ಚೆನ್ನಾಗಿ ಬಾಳಲಿ ಎಂದು ಮನಸಾರೆ ಹಾರೈಸದೆ ಹಸೆ ಬರೆಯುವುದು ನನ್ನಿಂದಾಗದು. ಆ ಹಾರೈಕೆ ನನ್ನೊಳಗೆ ಬತ್ತಿಲ್ಲವೆಂದು ಗೊತ್ತಾದದ್ದು ಬರೆಯುತ್ತ ಬರೆಯುತ್ತಲೇ.