ಹಾಡು ಕೇಳಿ ಉಂಡ ಊರು: ಅವಿನಾಶಿ

ಊಟದ ಜೊತೆಗೆ ಸಂಗೀತವೂ ಬೇಕೆನ್ನುವವನ ಕಿಸೆ ಭಾರವಾಗಿರಬೇಕು ಎಂಬುದು ಇಂದಿನ ಪಟ್ಟಣಗಳ ರೂಢಿ. ಇದಕ್ಕೆ ಹೊರತಾದ ಸ್ಥಳಗಳು ಇಲ್ಲದಿಲ್ಲ. ಮೈಸೂರಿನ ಶ್ರೀಹರ್ಷ ರಸ್ತೆಯ ಪಾರ್ಕ್‌ಲೇನ್ ಹೋಟೆಲು ಸಂಜೆಯ ಊಟದ ವೇಳೆಗೆ ಸಂಗೀತಗಾರರನ್ನು ಕೂರಿಸಿ, ಮಿತವಾದ ದರಕ್ಕೆ ಬಡಿಸಿ, ಪ್ರವಾಸಿಗಳ ನಡುವೆ ಹೆಸರು ಗಳಿಸಿತ್ತು. ಚೆನ್ನೈಯ ಮಾರ್ಗಳಿ ಉತ್ಸವದಲ್ಲಿ, 1928ರಲ್ಲಿ ಸ್ಥಾಪನೆಯಾದ ಮ್ಯೂಸಿಕ್ ಅಕಾಡೆಮಿಯೇ ಮೊದಲಾದ ಸಭೆಗಳ ಕ್ಯಾಂಟೀನುಗಳಿಗೆ ಊಟಕ್ಕೆಂದೇ ಬರುವವರಿದ್ದಾರೆ. ಆದರೆ ಅಲ್ಲಿ ಹಾಡು ಗೋಡೆಯ ಒಳಗೆ, ಊಟ ಗೋಡೆಯ ಹೊರಗೆ. ಬಿಡಿಗಾಸಿನ ಖರ್ಚಿಲ್ಲದೆ, ಹಾಡಿನ ಬೆನ್ನಲ್ಲೇ ಊಟ ದೊರೆಯುವ ವಿಲಕ್ಷಣವಾದ ಭೋಜನಶಾಲೆಯೊಂದನ್ನು ನಾವು ಕಂಡದ್ದು ಅವಿನಾಶಿಯಲ್ಲಿ.

ನಮ್ಮ ತಾಳವಾಡಿ ಸೀಮೆಯ ಕನ್ನಡಿಗರಿಗೆ ಅವಿನಾಶಿ ಬಹುದೂರದ ಊರೇನಲ್ಲ. ದಿಂಬಂ ಘಟ್ಟದ 27 ಹೇರ್‌ಪಿನ್ ತಿರುವುಗಳನ್ನು ಇಳಿದು, ಬಣ್ಣಾರಿ ಅಮ್ಮನಿಗೆ ಕೈಮುಗಿದು, ಸತ್ಯಮಂಗಲ, ಪುಳಿಯಂಪಟ್ಟಿ, ಸೇವೂರುಗಳನ್ನು ದಾಟಿದರೆ ಅವಿನಾಶಿಯ ಗೋಪುರ ಕಾಣಿಸುತ್ತದೆ. 1799ರವರೆಗೆ ಈ ಸೀಮೆ ಬಹುಕಾಲ ಮೈಸೂರಿನ ಆಳ್ವಿಕೆಯಲ್ಲಿತ್ತು. ಮುಂದೆ ಕೊಯಮತ್ತೂರು ಜಿಲ್ಲೆಗೆ ಸೇರಿ, 2009ರಲ್ಲಿ ತಿರುಪ್ಪೂರು ಜಿಲ್ಲೆ ರಚನೆಯಾದಾಗ ಅದರ ಪಾಲಿಗೆ ಬಂತು. ಹೆದ್ದಾರಿಯ ಮೇಲೆ ಹಗಲಿರುಳೂ ಲಾರಿಗಳ ಸಾಲು. ದೇವಾಲಯದ ಪ್ರಾಕಾರದೊಳಕ್ಕೆ ಕಾಲಿಟ್ಟರೆ ಬೇರೆಯೇ ಲೋಕ.

ಅವಿನಾಶಿ ಎಂದರೆ ನಾಶವಿಲ್ಲದುದು. ಇಲ್ಲಿನ ದೇವರು ಅವಿನಾಶಿಲಿಂಗೇಶ್ವರ, ದೇವಿ ಕರುಣಾಂಬಿಕೆ. ಊರಿನ ಪ್ರಾಚೀನ ನಾಮ ತಿರುಪ್ಪುಕ್ಕೊಳಿಯೂರು. ತೇವಾರದ ಹಾಡುಗಳನ್ನು ಪಡೆದ ಕೊಂಗುನಾಡಿನ ಏಳು ಶಿವಕ್ಷೇತ್ರಗಳಲ್ಲಿ ಇದೂ ಒಂದು. ಇಲ್ಲಿ ಹಾಡಿದವರು ಸುಂದರರು. ಈ ಹೆಸರು ಅಪರಿಚಿತವೆನಿಸಿದರೆ, ನಮ್ಮ ಹರಿಹರ ಕವಿಯ ‘ನಂಬಿಯಣ್ಣನ ರಗಳೆ’ಯನ್ನು ನೆನೆಯಬಹುದು. ಆ ನಂಬಿಯಣ್ಣನೇ ಈ ಸುಂದರರು. ಅರವತ್ತುಮೂವರು ಪುರಾತನರಲ್ಲಿ ಒಬ್ಬರು.

ಇವರದು ಉಳಿದ ಶಿವಭಕ್ತರಿಗಿಂತ ತುಸು ಭಿನ್ನವಾದ ದಾರಿ. ಇವರು ದೇವರನ್ನು ಗೆಳೆಯನೆಂದು ತಿಳಿದವರು. ಹಸಿವಾದರೆ ಅನ್ನವನ್ನೂ, ಮನೆ ನಡೆಸಲು ಭತ್ತವನ್ನೂ ಹೊನ್ನನ್ನೂ ನಿಸ್ಸಂಕೋಚವಾಗಿ ಕೇಳಿದವರು. ತಿರುಕ್ಕಚ್ಚೂರಿನಲ್ಲಿ ಇವರು ಹಸಿದು ಕುಳಿತಾಗ ಶಿವನೇ ಬ್ರಾಹ್ಮಣ ವೇಷದಿಂದ ಮನೆಮನೆಯಲ್ಲಿ ಭಿಕ್ಷೆ ಬೇಡಿ ತಂದು ಉಣಿಸಿದನಂತೆ. ಸೀರ್ಕಾಳಿಯ ಸಮೀಪದ ತಿರುಕ್ಕುರುಗಾವೂರಿನ ದಾರಿಯಲ್ಲಿ ಶಿವನು ಚಪ್ಪರ ಹಾಕಿ, ಬುತ್ತಿಯನ್ನೂ ನೀರನ್ನೂ ಇಟ್ಟುಕೊಂಡು ಇವರಿಗಾಗಿ ಕಾದಿದ್ದನಂತೆ. ಉಂಡು ಮಲಗಿ ಎದ್ದು ನೋಡಿದರೆ ಚಪ್ಪರವೂ ಇಲ್ಲ, ಬಡಿಸಿದವನೂ ಇಲ್ಲ. ಸುಂದರರು ಹಾಡಿದರು, ಊಟಕ್ಕೆ ಅವರು ತೆತ್ತ ಬೆಲೆ ಅದೊಂದೇ.

ಅವಿನಾಶಿಯ ಕಥೆ ಇದಕ್ಕಿಂತ ಗಂಭೀರವಾದದ್ದು. 12ನೆಯ ಶತಮಾನದ ಸೇಕ್ಕಿಳಾರರ ‘ಪೆರಿಯಪುರಾಣ’ ಇದನ್ನು ಹೇಳುತ್ತದೆ. ಇಲ್ಲಿನ ಕೆರೆಗೆ ಐದು ವರ್ಷದ ಇಬ್ಬರು ಬಾಲಕರು ಸ್ನಾನಕ್ಕೆ ಇಳಿದರು. ಒಬ್ಬನನ್ನು ಮೊಸಳೆ ನುಂಗಿತು. ಕೆಲವು ವರ್ಷಗಳ ತರುವಾಯ ಸುಂದರರು ಈ ಬೀದಿಯಲ್ಲಿ ಬರುವಾಗ ಒಂದು ಮನೆಯಲ್ಲಿ ಮಂಗಳವಾದ್ಯ, ಎದುರು ಮನೆಯಲ್ಲಿ ಅಳು. ಉಳಿದ ಹುಡುಗನಿಗೆ ಉಪನಯನ. ನುಂಗಿಹೋದವನ ತಾಯಿತಂದೆಗಳಿಗೆ ಹಳೆಯ ಗಾಯ ಮತ್ತೆ ಕೆದರಿದಂತಾಗಿತ್ತು. ಆದರೂ ಅವರು ಕಣ್ಣೀರನ್ನು ಒರೆಸಿಕೊಂಡು ನಗುಮುಖದಿಂದ ಬಂದು ನಮಸ್ಕರಿಸಿದರು. ಸುಂದರರ ಮನಸ್ಸು ಕರಗಿತು. ಕೆರೆಯ ದಂಡೆಯಲ್ಲಿ ನಿಂತು ಹಾಡಿದರು. ಮೊಸಳೆ ದಡಕ್ಕೆ ಬಂದು ಬಾಲಕನನ್ನು ತಂದೊಪ್ಪಿಸಿತು. ಕಳೆದ ವರ್ಷಗಳ ಬೆಳವಣಿಗೆಯೂ ಅವನ ಮೈಮೇಲಿತ್ತು. ಆ ಮನೆಯಲ್ಲಿಯೂ ವಾದ್ಯ ಮೊಳಗಿತು.

ನಾವು ಹೋದಾಗ ಮಧ್ಯಾಹ್ನದ ಪೂಜೆಯ ಹೊತ್ತು. ಗರ್ಭಗುಡಿಯ ಮುಂದೆ ನಾಗಸ್ವರ, ತವಿಲ್. ಅವು ನಿಂತ ಬಳಿಕ ಓದುವಾರರ ಕಂಠ. ತೇವಾರವನ್ನು ಪಣ್ ಎಂಬ ಹಳೆಯ ರಾಗಪದ್ಧತಿಯಲ್ಲಿ ಹಾಡುವವರಿಗೆ ಓದುವಾರ್ ಎಂದು ಹೆಸರು. ಮೈಕು ಇರಲಿಲ್ಲ, ಚಪ್ಪಾಳೆಯೂ ಇರಲಿಲ್ಲ. ತಮಿಳಿನ ಪದಗಳೆಲ್ಲ ನಮಗೆ ತಿಳಿದವೆಂದು ಹೇಳಲಾರೆವು. ಕೊಡು ಎಂದು ಕೇಳುವ ದನಿಯಂತೂ ಯಾವ ಭಾಷೆಯವನಿಗೂ ತಿಳಿಯುವಂಥದು.

ದೀಪಾರಾಧನೆ ಮುಗಿದ ಮೇಲೆ ಜನ ಊಟದ ಸಾಲಿಗೆ ಸರಿದರು. ತಮಿಳುನಾಡಿನ ದೇವಾಲಯಗಳಲ್ಲಿ ಸರ್ಕಾರ 2002ರಲ್ಲಿ ಆರಂಭಿಸಿದ ಅನ್ನದಾನ ಯೋಜನೆಯ ಊಟವದು. ಇಲ್ಲಿ ತಿಂಡಿಯ ದರಪಟ್ಟಿ ಗೋಡೆಯ ಮೇಲಿಲ್ಲ. ಏನು ಬೇಕೆಂದು ಯಾರೂ ಕೇಳುವುದಿಲ್ಲ. ಸಾಕೇ ಎಂದು ಮಾತ್ರ ಕೇಳುತ್ತಾರೆ. ಬನಿಯನ್ ಕಾರ್ಖಾನೆಯ ಕೆಲಸಗಾರ, ಲಾರಿಯ ಡ್ರೈವರು, ಮದುವೆಗೆ ಹೆಣ್ಣು ನೋಡಲು ಹೊರಟ ಕುಟುಂಬ, ಎಲ್ಲರಿಗೂ ಒಂದೇ ಅನ್ನ, ಒಂದೇ ಸಾಂಬಾರು, ಒಂದು ಪಲ್ಯ, ರಸಂ, ಮಜ್ಜಿಗೆ. ರುಚಿಯಲ್ಲಿ ಆಡಂಬರವಿಲ್ಲ, ಬಿಸಿಯಿತ್ತು, ಹಸಿವಿತ್ತು, ಅಷ್ಟು ಸಾಕಾಯಿತು.

ಪಕ್ಕದಲ್ಲಿ ಕುಳಿತಿದ್ದ ವೃದ್ಧೆಯೊಬ್ಬರು ನಮ್ಮ ಮಾತು ಕೇಳಿ, “ಯಾವೂರಪ್ಪಾ ನಿಮ್ಮದು? ಕನ್ನಡ ಆಡ್ತೀರಲ್ಲ” ಎಂದರು. ಅವರು ದೇವಾಂಗ ನೇಕಾರರ ಮನೆಯವರು. ಕೊಯಮತ್ತೂರು ಸೀಮೆಯಲ್ಲಿ ಚೌಡೇಶ್ವರಿಯ ಒಕ್ಕಲಾದ ಈ ನೇಕಾರರು ತಲೆಮಾರುಗಳಿಂದ ಮನೆಯಲ್ಲಿ ಕನ್ನಡವನ್ನೇ ಆಡುತ್ತ ಬಂದವರು.

“ಮನೆಯಲ್ಲಿ ಎಲ್ಲರೂ ಕನ್ನಡವೇನಮ್ಮಾ?” ಎಂದು ಕೇಳಿದೆವು.

“ನಾನು ಆಡ್ತೀನಿ. ಮೊಮ್ಮಕ್ಕಳು ಕೇಳಿಸ್ಕೊಂತಾವೆ, ತಮಿಳಿನಾಗೆ ಜವಾಬು ಹೇಳ್ತಾವೆ” ಎಂದರು. ತಾವು ಹುಡುಗಿಯಾಗಿದ್ದಾಗ ಮದುವೆಯ ಪಂಕ್ತಿಯಲ್ಲಿ ಬೀಗರನ್ನು ಹಾಸ್ಯಮಾಡಿ ಹೆಂಗಸರು ಹಾಡುತ್ತಿದ್ದುದನ್ನು ನೆನೆದರು. ಈಗ ಬಾಡಿಗೆಯ ಸ್ಪೀಕರು ಬರುತ್ತದೆ, ಹಾಡು ಕೇಳುವವರು ಯಾರೂ ಇಲ್ಲ ಎಂದರು. ಕೈತೊಳೆದು ಬಂದ ಮೇಲೆ ಪ್ರಾಕಾರದ ನೆರಳಿನಲ್ಲಿ ನಿಂತು, ನಾವು ಕೇಳಿಕೊಂಡದ್ದಕ್ಕೆ, ಅಂಥದೊಂದು ಹಾಡಿನ ನಾಲ್ಕು ಸಾಲನ್ನು ಹೇಳಿದರು. ಐದನೆಯದು ಮರೆತಿತ್ತು. ನಕ್ಕು, ಸೆರಗಿನಿಂದ ಬಾಯಿ ಒರೆಸಿಕೊಂಡು ಬಸ್ಸಿಗೆ ಹೊರಟುಹೋದರು.

ಆ ಐದನೆಯ ಸಾಲು ನಮ್ಮನ್ನು ಕಾಡಿತು. ಅನ್ನದ ಮುಂದೆ ಹಾಡುವುದು ನಮ್ಮ ಜನಕ್ಕೆ ಹೊಸದಲ್ಲ. ಕಾಸರಗೋಡು, ದಕ್ಷಿಣ ಕನ್ನಡಗಳ ಹವ್ಯಕರ ಪಂಕ್ತಿಯಲ್ಲಿ ಒಬ್ಬರು ಚೂರ್ಣಿಕೆ ಹೇಳಿದರೆ ಸಾಲಿಗೆ ಸಾಲೇ ‘ಹರಹರ ಮಹಾದೇವ’ ಎಂದು ದನಿಗೂಡಿಸುತ್ತದೆ. ಬೆಂಗಳೂರಿನ ಚಾಮರಾಜಪೇಟೆಯಲ್ಲಿ 1939ರಲ್ಲಿ ಆರಂಭವಾದ ಶ್ರೀರಾಮಸೇವಾ ಮಂಡಳಿಯ ರಾಮನವಮಿ ಸಂಗೀತೋತ್ಸವ ಪಾನಕ ಕೋಸಂಬರಿಗಳ ಹಬ್ಬದಲ್ಲೇ ಬೆಳೆಯಿತು. ಬಯಲುಸೀಮೆಯ ಬೀಗರ ಹಾಡುಗಳನ್ನು ಎಲೆಯ ಮುಂದೆಯೂ ಹಾಡುತ್ತಿದ್ದರು. ಈ ಹಾಡುಗಳಿಗೆ ಟಿಕೆಟ್ಟಿರಲಿಲ್ಲ, ಆದರೆ ಹಾಡುವ ಬಾಯಿ ಬೇಕಿತ್ತು. ಅಗ್ಗದ ಊಟವನ್ನು ಸರ್ಕಾರವೋ ದಾನಿಗಳೋ ಒದಗಿಸಬಹುದು. ಹಾಡನ್ನು ಒದಗಿಸಬೇಕಾದವರು ಮನೆಯವರೇ.

ಒಮ್ಮೆ ನುಂಗಿಹೋದುದು ಮರಳಿ ಬಾರದೆಂದು ನಿರಾಶರಾಗಬೇಕಿಲ್ಲ. ಇದೇ ಕೊಂಗುನಾಡಿನ ವಳ್ಳಿ ಒಯಿಲ್ ಕುಮ್ಮಿಯನ್ನು ನೋಡಿ. ಹಾಡುತ್ತ ಹೆಜ್ಜೆಹಾಕುವ ಈ ಕಲೆ ಗಂಡಸರದೇ ಆಗಿತ್ತು. ಕೊಯಮತ್ತೂರು ಜಿಲ್ಲೆಯ ಎಂ. ಬದ್ರಪ್ಪನ್ ಅವರು ಆ ಕಟ್ಟನ್ನು ಮೀರಿ ಹೆಣ್ಣುಮಕ್ಕಳಿಗೂ ಕಲಿಸಿದರು. 2024ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು. ತೇವಾರದ ಕಥೆಯೂ ಹೀಗೆಯೇ. 2021ರಲ್ಲಿ ಚೆನ್ನೈಯ ಮಾಡಂಬಾಕ್ಕಂ ದೇವಾಲಯಕ್ಕೆ ಒಬ್ಬ ಮಹಿಳೆ ಓದುವಾರರಾಗಿ ನೇಮಕಗೊಂಡರು. ಉಳಿಸಿಕೊಳ್ಳಬೇಕೆಂದವರು ಹೊಸ ಕಂಠಗಳನ್ನು ಹುಡುಕಿಕೊಂಡರು.

ಅವಿನಾಶಿಗೆ ಹೋಗುವ ಬಂಧುಗಳು ಮಧ್ಯಾಹ್ನದ ಪೂಜೆಗೆ ಮುಂಚೆ ತಲುಪುವಂತೆ ಹೊರಡಲಿ. ಹಾಡನ್ನು ಪೂರ್ತಿಯಾಗಿ ಕೇಳಿ ಆಮೇಲೆ ಊಟಕ್ಕೆ ಕೂರಲಿ. ಬಿಡುವಿದ್ದರೆ ತಿರುಪ್ಪೂರಿನ ದಾರಿಯಲ್ಲಿರುವ ತಿರುಮುರುಗನ್‌ಪೂಂಡಿಯನ್ನೂ ನೋಡಲಿ. ಕಳ್ಳರ ಪಾಲಾದ ಗಂಟನ್ನು ಸುಂದರರು ಹಾಡಿಯೇ ಹಿಂದೆ ಪಡೆದ ಸ್ಥಳವದು. ಚೈತ್ರದ ತೇರಿನ ಕಾಲವಾದರೆ ನೂಕುನುಗ್ಗಲು ಹೆಚ್ಚು. ಮಕ್ಕಳ ಕೈ ಬಿಡಬಾರದು.

ಮನೆಗೆ ಮರಳಿದ ಮೇಲೆ ಇನ್ನೊಂದು ಕೆಲಸವಿದೆ. ಮನೆಯ ಹಿರಿಯ ಹೆಂಗಸರನ್ನು ಕೂರಿಸಿಕೊಂಡು, ಅವರಿಗೆ ನೆನಪಿರುವ ಪಂಕ್ತಿಯ ಹಾಡುಗಳನ್ನು ಮಕ್ಕಳ ಕೈಯಿಂದ ಒಂದು ನೋಟುಬುಕ್ಕಿನಲ್ಲಿ ಬರೆಯಿಸಬೇಕು. ಮುಂದಿನ ಮದುವೆಯಲ್ಲಿ ಪಾಯಸ ಬಡಿಸುವಾಗ ಹತ್ತು ನಿಮಿಷ ಸ್ಪೀಕರನ್ನು ನಿಲ್ಲಿಸಿ, ಅವುಗಳಲ್ಲಿ ಒಂದನ್ನು ಆ ಮಕ್ಕಳ ಬಾಯಿಂದಲೇ ಹಾಡಿಸಬೇಕು. ಇದಕ್ಕೆ ಹಣ ಬೇಡ. ಹೇಳಿಕೊಡುವ ಅಜ್ಜಿ ಇರುವಾಗಲೇ ಆಗಬೇಕು, ಅಷ್ಟೇ.