ಪವಿತ್ರ ವಾರದ ಸ್ಪೆಷಲ್ ಕ್ಲಾಸು

ಶಿವಾಜಿನಗರ ಬಸ್ ನಿಲ್ದಾಣದ ಗದ್ದಲ ಶಾಲೆಯ ಗೇಟಿನವರೆಗೂ ಬೆನ್ನು ಬಿಡುವುದಿಲ್ಲ. ಒಳಗೆ ಕಾಲಿಟ್ಟರೆ ಹತ್ತನೇ ಕ್ಲಾಸಿನ ಹೆಣ್ಣುಮಕ್ಕಳು ಒಂದೇ ದನಿಯಲ್ಲಿ ಪಾಠ ಒಪ್ಪಿಸುವುದು ಕೇಳುತ್ತದೆ. ಇವತ್ತು 2024ರ ಮಾರ್ಚ್ 28, ಪವಿತ್ರ ಗುರುವಾರ. ನಾಳೆ ಶುಭ ಶುಕ್ರವಾರ. ನಾಡಿದ್ದು ಶನಿವಾರ ಎಸ್ಸೆಸ್ಸೆಲ್ಸಿ ವಿಜ್ಞಾನ ಪರೀಕ್ಷೆ, ಬರೆಯುವುದು 80 ಅಂಕಕ್ಕೆ.

ಕೊನೆಯ ಬೆಂಚಿನಲ್ಲಿ ಕೂತುಕೊಳ್ಳಿ. ಕರಿಹಲಗೆಯ ಮೇಲೆ ಯೇಸುವಿನ ಪವಿತ್ರ ಹೃದಯದ ಪಟ. ಅದರ ಕೆಳಗೇ ಮಿಸ್ ನಾಲ್ಕು ಕೋಣೆಯ ಹೃದಯ ಬಿಡಿಸುತ್ತಿದ್ದಾರೆ. ಎಡ ಹೃತ್ಕುಕ್ಷಿಯ ಗೋಡೆ ಬಂದಾಗ ಸೀಮೆಸುಣ್ಣ ಅಡ್ಡ ಹಿಡಿದು ಎರಡು ಸಲ ಉಜ್ಜುತ್ತಾರೆ.

"ಇಲ್ಲಿ ದಪ್ಪ ಯಾಕೆ?"

"ಮೈಗೆಲ್ಲಾ ರಕ್ತ ತಳ್ಳಬೇಕಲ್ಲ ಮಿಸ್!"

ನಿಮ್ಮ ಮುಂದಿನ ಹುಡುಗಿ ಬಾಣದ ಗುರುತನ್ನು ತಿರುಗಾಮುರುಗಾ ಹಾಕಿ, ರಬ್ಬರಿನಿಂದ ಉಜ್ಜಿ ಉಜ್ಜಿ ಹಾಳೆ ತೂತು ಮಾಡಿಕೊಂಡಿದ್ದಾಳೆ. ಬೆರಳು ನಡುಗುತ್ತಿದೆ. ಬಾಗಿಲಲ್ಲಿ ನಿಂತಿದ್ದ ಸಿಸ್ಟರ್ ಅದನ್ನು ನೋಡಿ ಹತ್ತಿರ ಬರುತ್ತಾರೆ.

"ಬೆಳಿಗ್ಗೆ ಏನು ತಿಂದೆ?"

"ಏನಿಲ್ಲ ಸಿಸ್ಟರ್. ತಪಸ್ಸುಕಾಲ ಅಲ್ವಾ."

ತಪಸ್ಸುಕಾಲ ಈ ಸಲ ಫೆಬ್ರುವರಿ 14ರ ವಿಭೂತಿ ಬುಧವಾರ ಶುರುವಾಯಿತು. ಪೂರ್ವಸಿದ್ಧತಾ ಪರೀಕ್ಷೆಯೂ ಅದರೊಳಗೇ ಬಂತು. ಶುಕ್ರವಾರಗಳಂದು ಶಿಲುಬೆ ಹಾದಿಯ 14 ಸ್ಥಳಗಳು, ಉಳಿದ ದಿನ ಗೈಡು, ಹಳೇ ಪ್ರಶ್ನೆಪತ್ರಿಕೆ. ಜೊತೆಗೆ ರಂಜಾನ್ ತಿಂಗಳು ಬೇರೆ. ಪಕ್ಕದ ಹುಡುಗಿ ರೋಜಾ ಇಟ್ಟಿದ್ದಾಳೆ. ಗೆಳತಿ ನೀರೂ ಕುಡಿಯದೆ ಓದುವಾಗ ಇವಳಿಗೆ ಡಬ್ಬಿ ತೆಗೆಯಲು ಮನಸ್ಸು ಬಂದಿಲ್ಲ.

"ಹದಿನೆಂಟು ತುಂಬದವರಿಗೆ ಧರ್ಮಸಭೆ ಉಪವಾಸದ ಕಟ್ಟಳೆ ಇಟ್ಟಿಲ್ಲ ಕಣಮ್ಮ. ನಾಳೆ ಮಾಂಸ ಬಿಟ್ಟರೆ ಸಾಕು. ಹೊರಗೆ ಹೋಗಿ ತಿಂದು ಬಾ." ಸಿಸ್ಟರ್ ಕೈಯಲ್ಲಿ ಬಿಸ್ಕತ್ತಿನ ಪೊಟ್ಟಣ. ಗೆಳತಿಯೂ ಮೊಣಕೈಯಿಂದ ತಿವಿದು "ಹೋಗೇ" ಅನ್ನುತ್ತಾಳೆ. ಮಗುವಿನ ಹೊಟ್ಟೆ ನೋಡಿ ಆಮೇಲೆ ಭಕ್ತಿಯ ಮಾತಾಡುವ ಇಂಥ ಶಾಲೆಯ ಮೇಲೆ ನನಗೆ ನಂಬಿಕೆ.

ಹನ್ನೊಂದಕ್ಕೆ ಪ್ರಾರ್ಥನಾಲಯ. ಚಪ್ಪಲಿ ಹೊರಗೆ ಬಿಟ್ಟು ನೀವೂ ನೆಲದ ಮೇಲೆ ಕೂತುಕೊಳ್ಳಿ. ಮಾತೆ ಮರಿಯಳ ಪ್ರತಿಮೆಯ ಮುಂದೆ ಸ್ಟೀಲ್ ತಟ್ಟೆ, ಅದರಲ್ಲಿ ಹಾಲ್‌ಟಿಕೆಟ್ಟುಗಳು. ಜಪಸರ ಹಿಡಿದವರು, ಕುಂಕುಮ ಇಟ್ಟವರು, ತಲೆಗೆ ದುಪಟ್ಟಾ ಹೊದ್ದವರು ಅವರವರ ದೇವರನ್ನು ನೆನೆಯುತ್ತಾರೆ. ಸಿಸ್ಟರ್ ಹೇಳುವುದು ಇಷ್ಟೇ: "ಇಷ್ಟು ಮಾರ್ಕ್ಸ್ ಕೊಡು ಅಂತ ಕೇಳಬೇಡಿ. ಓದಿದ್ದು ನೆನಪಿಗೆ ಬರಲಿ, ಪಕ್ಕದವಳಿಗೂ ಬರಲಿ ಅಂತ ಕೇಳಿ." ರ‍್ಯಾಂಕಿಗಾಗಿ ಮಕ್ಕಳನ್ನು ಒಬ್ಬರ ಮೇಲೊಬ್ಬರನ್ನು ಎತ್ತಿಕಟ್ಟುವ ಈ ಊರಲ್ಲಿ ಆ 'ಪಕ್ಕದವಳಿಗೂ' ಎಷ್ಟು ಅಪರೂಪ!

ಸಂಜೆ ಬೆಸಿಲಿಕಾದಲ್ಲಿ ಪಾದ ತೊಳೆಯುವ ವಿಧಿಯ ಬಲಿಪೂಜೆ. ಹುಡುಗಿಯರು ಚೀಲ ಹೆಗಲಿಗೇರಿಸುತ್ತಾರೆ.

"ಮಿಸ್, ನಾಳೆ ಚರ್ಚು ಮುಗಿಸಿ ಫೋನ್ ಮಾಡ್ಲಾ? ಮಸೂರದ ಕಿರಣಚಿತ್ರ ಇನ್ನೂ ಗೊಂದಲ."

"ಐದಕ್ಕೆ ಮಾಡು. ಇವಳನ್ನೂ ಕಾನ್ಫರೆನ್ಸಿಗೆ ಹಾಕು. ಇಫ್ತಾರಿಗೆ ಮುಂಚೆ ಮುಗಿಸಿಬಿಡೋಣ."